ಬಾಗಿಲ ಹಳಿಯಲ್ಲಿಟ್ಟ ಬೂಟು

ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀತಿಶಾಸ್ತ್ರ ಯಾರಿಗೂ ಬೇಡದ ಪಾಠ. ಯಂತ್ರ ವಿಭಾಗದ ಅಧ್ಯಾಪಕರು ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತ ಬಂದು, ಕೊನೆಗೆ ಇಲ್ಲ ಎನ್ನಲು ಬಾರದ ಒಬ್ಬರ ತಲೆಗೆ ಕಟ್ಟಿದರು. ಅಲ್ಲಿಯವರೆಗೆ ಅವರು ಗೇರು, ಬೇರಿಂಗು, ಯಂತ್ರಗಳ ಕಂಪನ ಇವನ್ನೆಲ್ಲ ಕಲಿಸಿಕೊಂಡು ಹಾಯಾಗಿದ್ದವರು. ಹೊಸ ಪಾಠಕ್ಕೆ ಸಿಕ್ಕ ಹೊತ್ತು ಮಧ್ಯಾಹ್ನದ ಊಟವಾದ ತಕ್ಷಣದ್ದು. ಹಿಂದಿನ ಬೆಂಚುಗಳಲ್ಲಿ ತಲೆಗಳು ತೂಗುತ್ತಿದ್ದವು. ಹುಡುಗರು ಅವರಿಗೆ ‘ನೀತಿ ಮೇಡಂ’ ಎಂದು ಹೆಸರಿಟ್ಟರು. ಕ್ಯಾಂಟೀನಿನಲ್ಲಿ ಯಾರಾದರೂ ಸರದಿ ತಪ್ಪಿಸಿ ಮುಂದೆ ನುಗ್ಗಿದರೆ, “ನೀತಿ ಮೇಡಮ್‌ಗೆ ಹೇಳ್ಬಿಡ್ತೀನಿ ನೋಡು” ಎಂದು ಹೆದರಿಸುವುದು ಅಲ್ಲಿಯ ಮಾಮೂಲಿ ತಮಾಷೆ. ಮೇಡಮ್ಮಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಪುಸ್ತಕದಲ್ಲಿದ್ದ ಉದಾಹರಣೆಗಳೆಲ್ಲ ಹಳೆಯವು, ದೂರದವು. ಎಲ್ಲೋ ಕುಸಿದ ಸೇತುವೆ, ಯಾರೋ ಮುಚ್ಚಿಟ್ಟ ವರದಿ. “ಇದು ತಪ್ಪಾ, ಸರಿಯಾ?” ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ “ತಪ್ಪು ಮೇಡಂ” ಎನ್ನುತ್ತಿತ್ತು. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಅಂಥ ಪಾಠಕ್ಕೆ ಒಂದು ವರ್ಷ ರೆಕ್ಕೆ ಬಂತು. ನಾಲ್ಕು ದೇಶಗಳ ನಾಲ್ಕು ಕಾಲೇಜುಗಳು ಸೇರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀತಿಯನ್ನು ಒಟ್ಟಾಗಿ ಕಲಿಸುವುದೆಂದು ಒಪ್ಪಂದವಾಯಿತು. ಪ್ರತಿ ಗುಂಪಿನಲ್ಲೂ ನಾಲ್ಕು ಕಡೆಯ ಮಕ್ಕಳು. ಎಲ್ಲರಿಗೂ ಪರಭಾಷೆಯಾದ ಇಂಗ್ಲಿಷಿನಲ್ಲಿ, ಪರದೆಯ ಮೇಲೆ ಮಾತು. ಇಲ್ಲಿಯವರು ಊಟದ ಮಂಪರಿನಲ್ಲಿದ್ದರೆ ಅಲ್ಲೊಬ್ಬರು ಬೆಳಗಿನ ಕಾಫಿ ಕುಡಿಯುತ್ತಿರುತ್ತಿದ್ದರು. ವಿಭಾಗದ ಮುಖ್ಯಸ್ಥರಿಗೆ ಹಿಗ್ಗೋ ಹಿಗ್ಗು. ಹಳೆಯ ಡ್ರಾಯಿಂಗ್ ಹಾಲಿಗೆ ಬಣ್ಣ ಹೊಡೆಸಿ, ಗೋಡೆ ತುಂಬುವ ಪರದೆ ಹಾಕಿಸಿ, ಬಾಗಿಲಿಗೆ ನಾಲ್ಕು ಬಾವುಟ ಅಂಟಿಸಿದರು. ಬಂದವರಿಗೆಲ್ಲ ಅದನ್ನು ತೋರಿಸಿ, “ನಮ್ಮ ಮೇಡಮ್ಮಿಂದ ಆಗಿದ್ದು” ಎನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ ಒಬ್ಬರು ಅವರನ್ನು ನಗದೆ ಹೊಗಳಿದ್ದರು.

ಒಪ್ಪಂದದ ಒಂದು ನಿಯಮ ಮಾತ್ರ ಕಷ್ಟದ್ದು. ಪ್ರತಿ ಕಾಲೇಜೂ ತನ್ನೂರಿನಲ್ಲಿ ನಿಜವಾಗಿ ನಡೆದ ಒಂದು ಪ್ರಕರಣ ತರಬೇಕು. ಹೆಸರು ಬದಲಾಯಿಸಬಹುದು, ಸಂಗತಿ ಬದಲಾಯಿಸುವಂತಿಲ್ಲ. ಮಕ್ಕಳು ಚೀಟಿ ಎತ್ತಿ, ಒಂದು ಗುಂಪು ಪ್ರಕರಣದ ಎಂಜಿನಿಯರ್ ಪರ, ಇನ್ನೊಂದು ಗುಂಪು ವಿರುದ್ಧ ವಾದಿಸಬೇಕು.

ಎಲ್ಲಿಂದ ತರುವುದು? ಮೇಡಂ ಹಳೆಯ ಪತ್ರಿಕೆ ತಿರುವಿದರು, ಪರಿಚಯದ ಗುತ್ತಿಗೆದಾರರನ್ನು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಆಗ ನೆನಪಾದದ್ದು ತಮ್ಮ.

ತಮ್ಮ ಲಿಫ್ಟ್ ಎಂಜಿನಿಯರ್. ಎಷ್ಟೋ ವರ್ಷಗಳ ಹಿಂದೆ ಒಂದು ದೊಡ್ಡ ಕಂಪನಿಯಲ್ಲಿದ್ದ. ಲಿಫ್ಟನ್ನು ತಪಾಸಣೆಗೆ ನಿಲ್ಲಿಸಬೇಕಾದಾಗ ಅವನದೊಂದು ಪದ್ಧತಿ ಇತ್ತು. ಮೇಲಿನ ಯಂತ್ರದ ಕೋಣೆಯಲ್ಲಿ ಸ್ವಿಚ್ ಆರಿಸಿ ಬೀಗ ಹಾಕುತ್ತಿದ್ದ. ಆಮೇಲೆ ಕೆಳಗಿಳಿದು ಬಂದು, ಎಡಗಾಲಿನ ಬೂಟು ಬಿಚ್ಚಿ ಬಾಗಿಲು ಜಾರುವ ಹಳಿಯ ಮೇಲೆ ಇಡುತ್ತಿದ್ದ. ಬಾಗಿಲು ಮುಚ್ಚದೆ ಲಿಫ್ಟು ಅಲುಗುವುದಿಲ್ಲ. “ಬೀಗದ ಕೈ ಇನ್ನೊಂದು ಯಾರ ಹತ್ರನಾದ್ರೂ ಇರುತ್ತೆ ಅಕ್ಕ. ಬೆವರಿದ ಬೂಟು ಮುಟ್ಟೋಕೆ ಮಾತ್ರ ಎಲ್ರೂ ಹಿಂದೆಮುಂದೆ ನೋಡ್ತಾರೆ” ಎನ್ನುತ್ತಿದ್ದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ. ಹಾಗೇ ಕುಂಟುತ್ತ ಕೆಲಸ ಮಾಡುತ್ತಿದ್ದ.

ಒಂದು ಆಸ್ಪತ್ರೆಯಲ್ಲಿ ಬ್ರೇಕಿಗೆ ಹಿಡಿತ ಕೊಡುವ ಲೈನಿಂಗ್ ಪಟ್ಟಿ ಸವೆದದ್ದು ಕಂಡು ಹೀಗೇ ಲಿಫ್ಟು ನಿಲ್ಲಿಸಿದ. ಹೊಸ ಲೈನಿಂಗ್ ಬರಲು ತಡವಿತ್ತು. ರೋಗಿಗಳನ್ನು ಸ್ಟ್ರೆಚರಿನಲ್ಲಿ ಮೆಟ್ಟಿಲ ಮೇಲೆ ಹೊರುತ್ತಿದ್ದರು. ಆಸ್ಪತ್ರೆಯವರು ಬೇಡಿಕೊಂಡರು, ಬೈದರು, ಅವನ ಮೇಲಧಿಕಾರಿಯಿಂದ ಫೋನು ಮಾಡಿಸಿದರು. ಕೊನೆಗೆ ಅವನೇ ಬೂಟು ತೆಗೆದು ಕಾಲಿಗೆ ಹಾಕಿಕೊಂಡು, ಬೀಗ ತೆರೆದು, “ಭಾರ ಕಮ್ಮಿ ಹಾಕಿ” ಎಂದು ಹೇಳಿ ಹೋದ. ಮಾರನೆಯ ದಿನ ಸ್ವಚ್ಛತೆಯ ಕೆಲಸದ ಹೆಂಗಸೊಬ್ಬರು ಒಗೆಯುವ ಬಟ್ಟೆ ತುಂಬಿದ ಗಾಡಿಯನ್ನು ಹೊರಗೆಳೆಯುವಾಗ ಲಿಫ್ಟು ಮೆಲ್ಲಗೆ ಕೆಳಕ್ಕೆ ಜಾರಿತು. ಗಾಡಿ ಮಗುಚಿ ಅವರ ಪಾದ ಮುರಿಯಿತು.

ವಿಚಾರಣೆಯಲ್ಲಿ ಅವನು ಹೇಳಿದ್ದು ಚಿಕ್ಕ ಮಾತು. “ಬ್ರೇಕು ಹಿಡೀತಿಲ್ಲ ಅಂತ ನನಗೆ ಗೊತ್ತಿತ್ತು. ಬೂಟು ತೆಗೆದವನು ನಾನೇ.” ಫೋನು ಮಾಡಿದ ಮೇಲಧಿಕಾರಿ ಉಳಿದುಕೊಂಡರು. ತಮ್ಮನ ಕೆಲಸ ಹೋಯಿತು. ಈಗ ಚಿಕ್ಕದೊಂದು ಸಂಸ್ಥೆಯಲ್ಲಿ, ಅಪಾರ್ಟ್‌ಮೆಂಟುಗಳ ಲಿಫ್ಟು ನೋಡಿಕೊಳ್ಳುತ್ತಾನೆ.

ಅಂದು ವಿಚಾರಣೆ ಮುಗಿಸಿ ಅವನು ನೇರ ಬಂದದ್ದು ಅಕ್ಕನ ಮನೆಗೆ. ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದ. ಹೆಂಡತಿಗೆ ಹೇಳಿದ್ದು ಆಮೇಲೆ. ಯಾರಿಗೂ ಹೇಳಬೇಡ ಎಂದು ಅವನು ಅಕ್ಕನಿಗೆ ಹೇಳಲಿಲ್ಲ. ಹಾಗೆ ಹೇಳಬೇಕೆಂದು ಅವನಿಗೆ ತೋಚಿರಲೂ ಇಲ್ಲ.

ಮೇಡಂ ಬರೆಯಲು ಕೂತಾಗ ಪ್ರಕರಣ ತಾನೇ ತಾನಾಗಿ ಹರಿಯಿತು. ಕಥೆಗೆ ಜೀವ ಬರಲೆಂದು ಬೂಟನ್ನು ಬಿಡಲಿಲ್ಲ. ಕೊನೆಗೆ ಬಂದಾಗ ಮಾತ್ರ ಕೈ ತಡೆಯಿತು. ಎಂಜಿನಿಯರ್ ಎಲ್ಲ ಒಪ್ಪಿಕೊಂಡ ಎಂದು ಬರೆದರೆ ಮಕ್ಕಳು ಜಗಳಾಡುವುದೇನನ್ನು? ಮತ್ತೆ ಒಂದೇ ದನಿಯ ಉತ್ತರ, ಮತ್ತೆ ಹಿಂದಿನ ಬೆಂಚಿನ ನಿದ್ದೆ. ಆ ಒಂದು ಸಾಲು ಅಳಿಸಿ, ‘ಬೂಟು ತೆಗೆದವರು ಯಾರೆಂದು ಎಂಜಿನಿಯರ್ ವಿಚಾರಣೆಯಲ್ಲಿ ಹೇಳಲಿಲ್ಲ’ ಎಂದು ಬರೆದರು. ಕೆಳಗೆ ಪ್ರಶ್ನೆ ಹಾಕಿದರು: ‘ಅವನು ಹೇಳಬೇಕಿತ್ತೇ?’

ಅಧ್ಯಾಪಕರ ಆನ್‌ಲೈನ್ ಸಭೆಯಲ್ಲಿ ಪ್ರಕರಣ ಎಲ್ಲರಿಗೂ ಹಿಡಿಸಿತು. ಯಾವಾಗಲೂ ಬಿಳಿ ಸ್ವೆಟರ್ ತೊಟ್ಟು ಕೂರುತ್ತಿದ್ದ, ಬೇರೆ ದೇಶದ ವಯಸ್ಸಾದ ಪ್ರೊಫೆಸರ್ ಒಬ್ಬರು ಮಾತ್ರ ಕೇಳಿದರು: “ಇದನ್ನು ಬಳಸುತ್ತೇವೆಂದು ಆ ಎಂಜಿನಿಯರಿಗೆ ಹೇಳಿದ್ದೀರಾ? ಅವರು ಒಪ್ಪಿದ್ದಾರಾ?”

“ಹೌದು, ಕೇಳಿದ್ದೇನೆ” ಎಂದರು ನೀತಿ ಮೇಡಂ.

ಪಕ್ಕದಲ್ಲಿ ಮುಖ್ಯಸ್ಥರು ನಗುಮುಖ ಹೊತ್ತು ಕೂತಿದ್ದರು. ಇಲ್ಲ ಎಂದಿದ್ದರೆ ಆ ಪ್ರೊಫೆಸರ್ ಕೇಳಿಕೊಂಡು ಬನ್ನಿ ಎನ್ನುತ್ತಿದ್ದರು, ಅಷ್ಟೇ. ಹೇಗೂ ಭಾನುವಾರ ತಮ್ಮನ ಮನೆಗೆ ಹೋಗುವುದಿತ್ತು, ಕೇಳಿದರಾಯಿತು ಎಂದು ಮೇಡಂ ಅಂದುಕೊಂಡರು. ಭಾನುವಾರ ಹೋದರು. ಊಟ ಮಾಡಿದರು, ಹರಟೆ ಹೊಡೆದರು, ಅವನ ಮನೆಯ ಬಾಗಿಲ ಬಳಿ ಇದ್ದ ಬೂಟುಗಳನ್ನು ದಾಟಿಕೊಂಡು ವಾಪಸು ಬಂದರು.

ಪ್ರಕರಣ ಎಲ್ಲ ಕಡೆ ಹಬ್ಬಿತು. ಮಕ್ಕಳು ಆ ಎಂಜಿನಿಯರಿಗೆ ‘ಬೂಟು ಸಾಹೇಬ’ ಎಂದು ಹೆಸರಿಟ್ಟರು, ಪ್ರತಿ ದೇಶದವರೂ ತಮ್ಮ ತಮ್ಮ ಭಾಷೆಯಲ್ಲಿ. ದೂರದೇಶದ ಹುಡುಗನೊಬ್ಬ ಲಿಫ್ಟಿನಿಂದ ಇಣುಕುವ ಬೂಟಿನ ಚಿತ್ರ ಬರೆದು, ಪರದೆಯ ಮೇಲೆ ತನ್ನ ಮುಖದ ಬದಲು ಅದನ್ನೇ ಹಾಕಿಕೊಂಡ. ಮೇಡಮ್ಮಿನ ತರಗತಿಯಲ್ಲಿ ಈಗ ಯಾರೂ ತೂಕಡಿಸುತ್ತಿರಲಿಲ್ಲ. ಗಂಟೆ ಹೊಡೆದ ಮೇಲೂ ಕಾರಿಡಾರಿನಲ್ಲಿ ವಾದ ನಡೆಯುತ್ತಿತ್ತು. “ಹೇಳ್ಲಿಲ್ಲ ಅಂದ್ರೆ ಕಳ್ಳನೇ ಬಿಡೋ ಅವ್ನು!” “ನಿನ್ ಕೆಲಸ ಹೋಗೋ ಹಂಗಿದ್ರೆ ನೀನು ಹೇಳ್ತಿದ್ಯೇನೋ, ದೊಡ್ಡ ಮನುಷ್ಯ?” ಇದನ್ನು ಕೇಳಿಸಿಕೊಂಡು ಮೇಡಂ ಒಳಗೊಳಗೇ ಉಬ್ಬಿದರು. ಆ ಉಬ್ಬಿದ್ದು ನೆನಪಾದರೆ ಅವರಿಗೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆ ತರಗತಿಯಲ್ಲೇ ತಮ್ಮನ ಮಗಳೂ ಇದ್ದಳು. ಕಾಲೇಜಿನಲ್ಲಿ ಮೇಡಂ, ಮನೆಯಲ್ಲಿ ಅತ್ತೆ. ಈ ಗೆರೆಯನ್ನು ಅವಳು ಒಮ್ಮೆಯೂ ದಾಟಿದವಳಲ್ಲ. ಅಪಘಾತವಾದಾಗ ಚಿಕ್ಕ ಮಗು. ಅಪ್ಪ ಯಾಕೆ ಕೆಲಸ ಬದಲಾಯಿಸಿದ ಎಂಬುದು ಅವಳಿಗೆ ಗೊತ್ತಿಲ್ಲ, ಪ್ರಕರಣ ಓದಿದರೂ ಗುರುತು ಹತ್ತುವುದಿಲ್ಲ ಎಂದು ಮೇಡಂ ಲೆಕ್ಕ ಹಾಕಿದ್ದರು. ಚೀಟಿ ಎತ್ತಿದಾಗ ಅವಳ ಗುಂಪಿಗೆ ಬಂದದ್ದು ಎಂಜಿನಿಯರ್ ವಿರುದ್ಧದ ವಾದ.

ವಾದದ ದಿನ ಅವಳು ಎದ್ದು ನಿಂತಳು. ದೊಡ್ಡ ಪರದೆಯಲ್ಲಿ ನಾಲ್ಕು ದೇಶದ ಮುಖಗಳು. “ಬ್ರೇಕ್ ಸವೆದದ್ದಕ್ಕೆ ಅವರನ್ನು ದೂರಬೇಡಿ. ಬ್ರೇಕ್ ಸವೆಯುತ್ತದೆ. ಆಸ್ಪತ್ರೆಯವರ ಒತ್ತಡವನ್ನೂ ದೂರಬೇಡಿ. ರೋಗಿಗಳನ್ನು ಹೊರುವವರು ಕೇಳಿಯೇ ಕೇಳುತ್ತಾರೆ. ಬೂಟು ಇಡುವವರೆಗೆ ಎಲ್ಲ ಸರಿ ಇತ್ತು. ಬೂಟು ಇಡಲು ಗೊತ್ತಿದ್ದವರಿಗೆ ತೆಗೆದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ತಪ್ಪು ಇರುವುದು ಅಲ್ಲಿ, ಬೇರೆಲ್ಲೂ ಅಲ್ಲ” ಎಂದಳು. ಸ್ವರ ಏರಲಿಲ್ಲ. ಪರದೆಯ ತುಂಬ ಚಪ್ಪಾಳೆ.

ಮೇಡಂ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿದರು. “ಎಷ್ಟು ಚೆನ್ನಾಗಿ ಮಾತಾಡಿದೆ! ಯಾರು ಹೇಳಿಕೊಟ್ರು?”

“ಅಪ್ಪ.”

ಮೇಡಂ ಅವಳನ್ನು ಗೋಡೆಯ ಪಕ್ಕಕ್ಕೆ ಕರೆದುಕೊಂಡರು.

“ಬೂಟು ಅಂತ ಓದಿದ ತಕ್ಷಣ ಗೊತ್ತಾಯ್ತು. ಇನ್ಯಾರು ಹಂಗೆ ಮಾಡ್ತಾರೆ? ತೋರ್ಸಿ, ಅಪ್ಪಾ ಇದು ನೀನಾ ಅಂದೆ. ಎರಡು ಸಲ ಓದಿದ್ರು. ಹೂಂ ಅಂದ್ರು. ನಿನ್ನ ಗುಂಪು ಯಾವ ಕಡೆ ಅಂತ ಕೇಳಿದ್ರು. ವಿರುದ್ಧ ಅಂದೆ. ಕೂತ್ಕೋ ಹೇಳಿಕೊಡ್ತೀನಿ ಅಂದ್ರು.”

“ನೀನು ನನಗೆ ಒಂದು ಮಾತು…”

“ನೀವು ಅಪ್ಪನ್ನ ಕೇಳೇ ಬರೆದಿರ್ತೀರ ಅಂದ್ಕೊಂಡಿದ್ದೆ.” ಅವಳು ಬ್ಯಾಗಿನ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. “ಕೇಳಿರ್ಲಿಲ್ವಾ ಅತ್ತೆ?”

ಕಾಲೇಜಿನಲ್ಲಿ ಅವಳು ಅತ್ತೆ ಎಂದದ್ದು ಅದೇ ಮೊದಲು. ಸುತ್ತ ಹುಡುಗರಿದ್ದರು. ಮೇಡಂ ನೆಲ ನೋಡುತ್ತ, “ಕ್ಲಾಸಿಗೆ ಹೊತ್ತಾಯ್ತು, ಹೋಗು” ಎಂದರು.

ತಮ್ಮನ ಮನೆಗೆ ಅವರು ತಕ್ಷಣ ಹೋಗಲಿಲ್ಲ. ಆ ಭಾನುವಾರ ತಲೆನೋವು ಎಂದು ಹೇಳಿಕಳಿಸಿದರು. ಮುಂದಿನ ಭಾನುವಾರ ಉತ್ತರಪತ್ರಿಕೆ ತಿದ್ದುವುದಿದೆ ಎಂದರು. ಅವನಾಗಿ ಫೋನು ಮಾಡಲಿಲ್ಲ. ಅದು ಅವರನ್ನು ಬೈಗುಳಕ್ಕಿಂತ ಹೆಚ್ಚು ಕುಟುಕಿತು.

ಅಷ್ಟರಲ್ಲಿ ಅಧ್ಯಾಪಕರ ಸಭೆಯಲ್ಲಿ ಬಿಳಿ ಸ್ವೆಟರಿನವರು ಹೊಸದೊಂದು ಮಾತು ತೆಗೆದರು. “ಆ ಎಂಜಿನಿಯರ್ ಒಪ್ಪಿಗೆ ಕೊಟ್ಟಿದ್ದಾರಲ್ಲ, ಕೊನೆಯ ತರಗತಿಗೆ ಅವರೇ ಬರಬಹುದೇ? ಮುಖ ತೋರಿಸಬೇಕಿಲ್ಲ. ವಿದ್ಯಾರ್ಥಿಗಳಿಗೆ ಕೇಳುವುದು ತುಂಬ ಇದೆ.”

ಮುಖ್ಯಸ್ಥರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಕರೆಸೋಣ, ಕರೆಸೋಣ! ಒಂದು ಹೂಗುಚ್ಛ ಕೊಟ್ಟು ಫೋಟೋ ತೆಗೆಸೋಣ. ಏನಂತೀರಿ ಮೇಡಂ?”

ಮೇಡಂ ನೋಡುತ್ತೇನೆ ಎಂದರು. ಅದೂ ಸುಳ್ಳೇ. ನೋಡಲು ಉಳಿದದ್ದು ಏನೂ ಇರಲಿಲ್ಲ.

ಅಂದು ಸಂಜೆ ಹೋದರು. ಬಾಗಿಲು ತೆಗೆದದ್ದು ತಮ್ಮನ ಹೆಂಡತಿ. “ಬನ್ನಿ ಅತ್ತಿಗೆ. ನಾಲ್ಕು ದೇಶ ಸುತ್ತಿ ಆಯ್ತಾ? ನಮ್ಮ ಮನೆ ಕೊನೇಗಾ?” ಎಂದರು. ಮುಖದಲ್ಲಿ ನಗುವಿತ್ತು, ದನಿಯಲ್ಲಿ ಇರಲಿಲ್ಲ.

ತಮ್ಮ ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ತಲೆ ತೂರಿಸಿ ನಲ್ಲಿ ಸರಿ ಮಾಡುತ್ತಿದ್ದ. “ಅಕ್ಕನಾ? ಆ ಸ್ಪ್ಯಾನರ್ ಕೊಡು” ಎಂದ. ಕೊಟ್ಟರು. ಬಿಗಿ ಮಾಡಿದ, ನೀರು ಬಿಟ್ಟು ನೋಡಿದ, ಕೈ ಒರೆಸಿಕೊಂಡ. ಅವನ ಅವಸರವಿಲ್ಲದ ಕೆಲಸ ಅವರಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಅಂದು ಮಾತ್ರ ಸಹಿಸಲಾಗಲಿಲ್ಲ.

“ನಿನ್ನನ್ನ ಕೇಳ್ದೆ ಬರೆದ್ಬಿಟ್ಟೆ ಕಣೋ” ಎಂದರು.

“ಗೊತ್ತು. ನೀನೇ ಬಂದು ಹೇಳ್ತೀಯೇನೋ ಅಂತ ನೋಡ್ತಿದ್ದೆ.”

“ಕೇಳಿದ್ದೀನಿ ಅಂತ ಅಲ್ಲಿ ಎಲ್ಲರ ಮುಂದೆ ಹೇಳಿದ್ದೀನಿ.”

ಅದು ಅವನಿಗೆ ಗೊತ್ತಿರಲಿಲ್ಲ. “ನೀತಿ ಪಾಠದಲ್ಲಿ?” ಎಂದು ಕೇಳಿ ನಕ್ಕುಬಿಟ್ಟ. ನಿಜವಾದ ನಗು. ಅದು ನಿಂತ ಮೇಲೆ ಸ್ಟೂಲು ಎಳೆದುಕೊಂಡು ಕೂತ. “ಬೂಟು ಚೆನ್ನಾಗಿ ಬರ್ದಿದ್ದೀಯ ಅಕ್ಕ. ನಗ್ಲಿ ಬಿಡು ಮಕ್ಕಳು, ನಗೋ ಹಂಗೇ ಇದೆ ಅದು. ಮಗಳ ಹತ್ರ ನಾನಾಗೇ ಹೇಳ್ಬೇಕು ಅಂತಿದ್ದೆ, ಓದು ಮುಗೀಲಿ ಅಂತ ಕಾಯ್ತಿದ್ದೆ. ಅದೂ ಹೋಗ್ಲಿ. ಕೊನೇ ಸಾಲು ಯಾಕೆ ತೆಗೆದೆ?”

“ಒಪ್ಪಿಕೊಂಡ ಅಂತ ಬರೆದ್ರೆ ಮಕ್ಕಳಿಗೆ ವಾದ ಮಾಡೋಕೆ ಏನೂ ಉಳಿಯಲ್ಲ ಅಂತ…”

“ನನಗೆ ಉಳಿದಿದ್ದು ಅದೊಂದೇ ಅಲ್ವಾ?”

ಅವನು ಹೇಳಿದ್ದು ಅಷ್ಟೇ. ಸಿಟ್ಟು ಮಾಡಿಕೊಂಡಿದ್ದರೆ ಮೇಡಂ ಅತ್ತು ಹಗುರಾಗುತ್ತಿದ್ದರೇನೋ. ಎಂಜಿನಿಯರ್ ಬರುತ್ತಾರೆಂದು ಮುಖ್ಯಸ್ಥರು ಆಗಲೇ ಕಾಲೇಜೆಲ್ಲ ಸಾರಿದ್ದರಿಂದ, ಕೊನೆಯ ತರಗತಿಯ ವಿಷಯ ಮಗಳಿಂದ ಕೇಳಿದ್ದ. “ನಾನು ಬರಲ್ಲ. ಹೇಳ್ಬೇಕಾದೋಳು ನೀನು” ಎಂದ. ತಮ್ಮನ ಹೆಂಡತಿ ಊಟಕ್ಕೇಳಿ ಎನ್ನಲಿಲ್ಲ. ಆ ಮನೆಯಿಂದ ಊಟವಿಲ್ಲದೆ ಬಂದದ್ದು ಅವರಿಗೆ ಹೊಸದು.

ಕೊನೆಯ ತರಗತಿಯಲ್ಲಿ ಮುಖ್ಯಸ್ಥರು ಹೂಗುಚ್ಛದೊಂದಿಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಎಂಜಿನಿಯರ್ ದಾರಿಯಲ್ಲಿದ್ದಾರೆ ಎಂದೇ ಅವರ ನಂಬಿಕೆ. ಮೇಡಂ ಎದ್ದು ನಿಂತಾಗ ದೊಡ್ಡ ಪರದೆಯ ಮೂಲೆಯ ಚೌಕದಲ್ಲಿ ಅವರ ಮುಖವೇ ಅವರಿಗೆ ಕಾಣುತ್ತಿತ್ತು. ಅದನ್ನು ನೋಡದೆ ಮಾತಾಡುವುದು ಹೇಗೆಂದು ತಿಳಿಯಲಿಲ್ಲ. ಅವರು ಕಡಿಮೆ ಮಾತಿನಲ್ಲಿ ಹೇಳಿದರು: ಆ ಎಂಜಿನಿಯರನ್ನು ನಾನು ಕೇಳಿರಲಿಲ್ಲ. ಕೇಳಿದ್ದೇನೆಂದು ಸುಳ್ಳು ಹೇಳಿದೆ. ಬೂಟು ತೆಗೆದವನು ನಾನೇ ಎಂದು ಅವರು ವಿಚಾರಣೆಯಲ್ಲಿ ಹೇಳಿದ್ದರು, ಕೆಲಸ ಕಳೆದುಕೊಂಡಿದ್ದರು. ಆ ಸಾಲನ್ನು ತೆಗೆದವಳು ನಾನು.

ಮುಖ್ಯಸ್ಥರ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಪರದೆಯ ಆಚೆಯಿಂದ ಒಬ್ಬ ಹುಡುಗಿ, “ಹಾಗಾದರೆ ನಾವು ಇಷ್ಟು ವಾರ ಅವರನ್ನು ಬೈದದ್ದು ಅವರು ಮಾಡದ ತಪ್ಪಿಗೆ?” ಎಂದು ಕೇಳಿದಳು.

“ಹೌದು.”

“ಯಾಕೆ?”

“ತರಗತಿ ಚೆನ್ನಾಗಿ ನಡೆಯಲಿ ಎಂದು” ಎಂದರು ಮೇಡಂ. ಬೇರೆ ಕಾರಣ ಹುಡುಕಿದ್ದರು. ಸಿಕ್ಕಿರಲಿಲ್ಲ.

ಬಿಳಿ ಸ್ವೆಟರಿನವರು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಹೇಳಿದ್ದಕ್ಕೆ ಧನ್ಯವಾದ. ಈ ಪ್ರಕರಣವನ್ನು ಇವತ್ತೇ ತೆಗೆದಿಡೋಣ. ಅವರು ಒಪ್ಪಿದರೆ, ಪೂರ್ತಿ ಬರೆದರೆ, ಮುಂದೆ ಯೋಚಿಸೋಣ. ಮುಂದಿನ ವರ್ಷದ ಹೊಣೆ ಯಾರದೆಂಬುದನ್ನೂ ಆಗಲೇ ತೀರ್ಮಾನಿಸೋಣ” ಎಂದರು. ಅವರು ಮಾತಾಡುತ್ತಿದ್ದಂತೆ ಪರದೆಯ ಒಂದು ಚೌಕದಲ್ಲಿದ್ದ ಬೂಟಿನ ಚಿತ್ರ ಮಾಯವಾಗಿ, ಅಲ್ಲಿ ಒಬ್ಬ ಹುಡುಗನ ಮುಖ ಬಂತು. ಇಷ್ಟು ದಿನದಲ್ಲಿ ಮೇಡಂ ಆ ಮುಖ ನೋಡಿದ್ದು ಅದೇ ಮೊದಲು. ತೀರಾ ಎಳೆಯ ಮುಖ. ಅವನೂ ತಲೆ ತಗ್ಗಿಸಿಕೊಂಡಿದ್ದ.

ಹೊರಗೆ ಮುಖ್ಯಸ್ಥರು ಹೂಗುಚ್ಛ ಹಿಡಿದುಕೊಂಡೇ ಹಿಂದೆ ಬಂದರು. “ಇವತ್ತೇ ಹೇಳ್ಬೇಕಿತ್ತಾ ಮೇಡಂ? ಅಷ್ಟು ಜನರ ಎದುರಿಗೆ? ಆಮೇಲೆ ನಿಧಾನಕ್ಕೆ ಒಬ್ಬೊಬ್ಬರಿಗೇ ಫೋನಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಬಾವುಟ ಬೇರೆ ಅಂಟಿಸಿಬಿಟ್ಟಿದ್ದೀನಿ.” ಅವರಿಗೂ ನಿಜವಾಗಿ ನೋವಾಗಿತ್ತು. ಮೇಡಂ ಕ್ಷಮೆ ಕೇಳಿದರು. ಹೂಗುಚ್ಛವನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಅದು ಕಚೇರಿಯ ಕಿಟಕಿಯಲ್ಲಿ ಕೂತು ಒಣಗಿತು.

ಕ್ಯಾಂಟೀನಿನಲ್ಲಿ ‘ನೀತಿ ಮೇಡಮ್‌ಗೆ ಹೇಳ್ಬಿಡ್ತೀನಿ’ ಎಂಬ ತಮಾಷೆ ನಿಂತುಹೋಯಿತು. ಹುಡುಗರು ಎದುರಾದರೆ ಮರ್ಯಾದೆಯಿಂದ ದಾರಿ ಬಿಡುತ್ತಿದ್ದರು. ಆ ತಮಾಷೆಯೇ ಮೇಲಿತ್ತು ಎನ್ನಿಸುತ್ತಿತ್ತು ಮೇಡಮ್ಮಿಗೆ.

ಮುಂದಿನ ಭಾನುವಾರ ಅವರು ಮತ್ತೆ ತಮ್ಮನ ಮನೆಗೆ ಹೋದರು. ತಮ್ಮನ ಹೆಂಡತಿ ಈ ಸಲ ಏನೂ ಅನ್ನದೆ ನೀರು ತಂದಿಟ್ಟರು. ನಡೆದದ್ದನ್ನೆಲ್ಲ ಮಗಳು ಮೊದಲೇ ಹೇಳಿದ್ದಳು.

“ಆ ಪ್ರಕರಣ ಪೂರ್ತಿ ಬರೆದು ಕೊಟ್ರೆ ಮತ್ತೆ ಇಟ್ಕೊಳ್ತಾರಂತೆ, ನೀನು ಒಪ್ಪಿದ್ರೆ” ಎಂದರು ಮೇಡಂ.

“ಕೇಳ್ತಿದ್ದೀಯಾ, ಹೇಳ್ತಿದ್ದೀಯಾ?”

“ಕೇಳ್ತಿದ್ದೀನಿ. ಬೇಡ ಅಂದ್ರೆ ಬೇಡ.”

ತಮ್ಮ ಕಿಟಕಿಯ ಕಡೆ ತಿರುಗಿದ. “ಆ ಅಮ್ಮನ್ನ ಕೇಳಿದ್ಯಾ?” ಎಂದ.

“ಯಾವ ಅಮ್ಮ?”

ಕೇಳಿದ ಮೇಲೆ ಮೇಡಮ್ಮಿಗೆ ಹೊಳೆಯಿತು. ಇಷ್ಟೆಲ್ಲ ಆದ ಮೇಲೂ, ನಾಲ್ಕು ದೇಶದವರ ಮುಂದೆ ತಲೆ ತಗ್ಗಿಸಿದ ಮೇಲೂ, ಪಾದ ಮುರಿದುಕೊಂಡ ಹೆಂಗಸು ಅವರ ತಲೆಗೆ ಬಂದಿರಲಿಲ್ಲ. ಪ್ರಕರಣದಲ್ಲಿ ಆಕೆ ‘ಸ್ವಚ್ಛತಾ ಸಿಬ್ಬಂದಿಯೊಬ್ಬರು’. ಆಕೆಯನ್ನು ಕೇಳಿದಿರಾ ಎಂದು ಬಿಳಿ ಸ್ವೆಟರಿನವರೂ ಕೇಳಿರಲಿಲ್ಲ. ಮೇಡಂ ಕೂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡರು.

“ಅವರು ಹೂಂ ಅಂದ್ರೆ ನಂದೂ ಹೂಂ. ಅವರು ಬೇಡ ಅಂದ್ರೆ ಮುಗೀತು” ಎಂದ ತಮ್ಮ. ಮನೆಯ ಗುರುತು ಹೇಳಿದ. “ನಾನು ಹೋಗಿದ್ದೆ ಒಂದ್ಸಲ. ಒಳಗೆ ಕರೀಲಿಲ್ಲ. ಕರೀಬೇಕು ಅಂತೇನೂ ಇಲ್ವಲ್ಲ.”

ಅದು ಹಳೆಯ ಕಟ್ಟಡ, ಲಿಫ್ಟು ಇಲ್ಲದ್ದು. ಆಕೆಯ ಮನೆ ಮೇಲಿನ ಅಂತಸ್ತಿನಲ್ಲಿ. ಮೇಡಂ ಮೆಟ್ಟಿಲ ಕಂಬಿ ಹಿಡಿದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತಿದರು. ಮುರಿದು ಕೂಡಿದ ಪಾದದಲ್ಲಿ ಒಬ್ಬರು ದಿನವೂ ಇದನ್ನು ಹತ್ತಿ ಇಳಿಯುತ್ತಾರೆ ಎಂಬುದು ಅರ್ಧ ದಾರಿಯಲ್ಲಿ ಹೊಳೆದ ಮೇಲೆ ನಿಲ್ಲಲು ನಾಚಿಕೆಯಾಯಿತು.

ಬಾಗಿಲು ತಟ್ಟಿದರು. ಒಳಗಿನಿಂದ ಒಂದು ಕಾಲು ಸ್ವಲ್ಪ ಎಳೆದಿಡುವ ಸದ್ದು ಹತ್ತಿರ ಬಂತು. ಬಾಗಿಲು ತೆಗೆದ ಹೆಂಗಸು ಮೇಡಮ್ಮಿಗಿಂತ ಹಿರಿಯರು, ಗಿಡ್ಡ, ತೋಳಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ.

“ಯಾವ ಆಫೀಸಿಂದ?”

“ಆಫೀಸಿಂದ ಅಲ್ಲಮ್ಮ. ಆಸ್ಪತ್ರೆ ಲಿಫ್ಟಿನ ಎಂಜಿನಿಯರ್ ಇದ್ನಲ್ಲ, ಅವನ ಅಕ್ಕ ನಾನು.”

ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿದರು. “ಅವನು ಆವತ್ತೇ ಬಂದು ಹೇಳಿ ಹೋದ. ನಿಮಗೀಗ ಏನು ಬೇಕು?”

ಕ್ಷಮೆ ಕೇಳಲು ಬಂದಿದ್ದೇನೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆಕೆ ಕೇಳಿದ್ದು ಏನು ಬೇಕು ಎಂದು. ಬೇಕಾದದ್ದು ಒಂದು ಇತ್ತು.

“ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಮೊದಲೇ ಕೇಳ್ಬೇಕಿತ್ತು, ಕೇಳಿಲ್ಲ. ಆಗಲ್ಲ ಅಂತ ನೀವು ಹೇಳಿದ್ರೂ ಸರಿಯೇ.”

ಆಕೆ ಪಕ್ಕಕ್ಕೆ ಸರಿಯಲಿಲ್ಲ. ಬಟ್ಟೆಯನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿ, ಮುರಿದಿದ್ದ ಕಾಲಿನ ಮೇಲಿನ ಭಾರ ತೆಗೆದು ಬಾಗಿಲಿಗೆ ಒರಗಿ ನಿಂತರು.

“ಇಲ್ಲೇ ಕೇಳಿ.”

ನೀತಿ ಮೇಡಂ ಹೊಸ್ತಿಲ ಈಚೆ ನಿಂತು, ಮೊದಲಿನಿಂದ ಹೇಳಲು ಶುರುಮಾಡಿದರು.